ಗೋಡೆಗೆ ಲೈನಿಂಗ್

ಕೋಟು ಹೊಲಿಯುವವರಿಗೆ ಬೆರಳೇ ಬಂಡವಾಳ. ಆ ಬೆರಳುಗಳು ಮರಗಟ್ಟಿ, ಸೂಜಿ ಕೈಯಲ್ಲಿದೆಯೋ ಜಾರಿ ಬಿದ್ದಿದೆಯೋ ಎಂಬುದು ಕಣ್ಣಿಟ್ಟು ನೋಡಿದರಷ್ಟೇ ಗೊತ್ತಾಗುವ ಸ್ಥಿತಿಗೆ ಬಂದ ಮೇಲೆ ನಾನು ಡಾಕ್ಟರ ಹತ್ತಿರ ಹೋದೆ. ಅವರು ಸುಣ್ಣ ಬಳಿದಂತೆ ಬೆಳ್ಳಗಾಗಿದ್ದ ನನ್ನ ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ ನೋಡಿದರು. "ಮಾತ್ರೆ ಕೊಡಬೇಕಾಗಿರೋದು ನಿಮಗಲ್ಲ, ನಿಮ್ಮ ಮನೆಗೆ. ನೀವು ಕೂತು ಹೊಲಿಯೋ ಕೋಣೆ ಎಷ್ಟು ತಣ್ಣಗಿರುತ್ತೆ?" ಎಂದು ಕೇಳಿದರು.

"ಹೊರಗಿಟ್ಟ ಹಾಲು ಮೂರು ದಿನ ಕೆಡಲ್ಲ ಡಾಕ್ಟ್ರೇ," ಎಂದರು ಇವರು.

ಇವರು ಎಂದರೆ ನನ್ನ ಯಜಮಾನರು. ಬಸ್ಸು ಓಡಿಸಿ ನಿವೃತ್ತರಾದವರು. ಚಾಲಕನ ಜೊತೆ ಮಾತಾಡಬೇಡಿ ಎಂಬ ಬೋರ್ಡಿನ ಕೆಳಗೆ ಕೂತು ಉಳಿಸಿಟ್ಟ ಮಾತನ್ನೆಲ್ಲ ಈಗ ಕೈಬಿಚ್ಚಿ ಖರ್ಚು ಮಾಡುತ್ತಿದ್ದಾರೆ. ಆದರೆ ಅವರು ಹೇಳಿದ್ದು ಸುಳ್ಳಲ್ಲ. ನಮ್ಮದು ಅಜ್ಜ ಕಟ್ಟಿಸಿದ ಜೋಡಿ ಮನೆ. ಒಂದೇ ಸೂರು, ಎರಡು ಬಾಗಿಲು, ನಡುವೆ ಒಂದು ಗೋಡೆ. ಗೋಡೆ ಒಂದು ಎನ್ನುವುದೂ ಬಾಯಿಮಾತಿಗೆ. ಎರಡು ತೆಳ್ಳನೆಯ ಇಟ್ಟಿಗೆ ಗೋಡೆಗಳನ್ನು ಎದುರುಬದುರಾಗಿ ನಿಲ್ಲಿಸಿ ಮಧ್ಯೆ ಒಂದು ಗೇಣು ಟೊಳ್ಳು ಬಿಟ್ಟಿದ್ದಾರೆ. ಸುತ್ತಲಿನ ಗೋಡೆಗಳೂ ಹೀಗೇ. ತೇವ ಒಳಗೆ ಬರದಿರಲಿ ಎಂದು ಆಗಿನವರು ಮಾಡಿದ ಉಪಾಯ. ತೇವ ಬರಲಿಲ್ಲ ನಿಜ, ಆದರೆ ಆ ಟೊಳ್ಳು ಮೇಲೆ ಹೆಂಚಿನ ಕೆಳಗೆ ಬಾಯಿ ತೆರೆದುಕೊಂಡಿದೆ. ಚಳಿಗಾಲದ ಗಾಳಿ ಅಲ್ಲಿಂದ ಇಳಿದು ಗೋಡೆಯ ಹೊಟ್ಟೆಯೊಳಗೆಲ್ಲ ಓಡಾಡುತ್ತದೆ. ಹೊರಬಟ್ಟೆ ಇದೆ, ಒಳಬಟ್ಟೆ ಇದೆ, ನಡುವೆ ಏನೂ ಇಲ್ಲ. ಅಂಥ ಕೋಟನ್ನು ನಾನು ಹೊಲಿದುಕೊಟ್ಟಿದ್ದರೆ ಗಿರಾಕಿ ನನ್ನ ಮುಖದ ಮೇಲೆ ಎಸೆದು ಹೋಗುತ್ತಿದ್ದ.

ಆ ನಡುಗೋಡೆಯ ಆಚೆ ನನ್ನ ಅಕ್ಕ ಇದ್ದಾಳೆ.

ಅಕ್ಕ ಮದುವೆಯಾಗಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಅವಳದು. ದಿನವಿಡೀ ಬಿಸಿಯ ಎದುರು ನಿಲ್ಲುವವಳು. ನಾನು ದಿನವಿಡೀ ಚಳಿಗೆ ಬೆನ್ನು ಕೊಟ್ಟು ಕೂರುವವಳು. ಸುಕ್ಕು ಮಾಡುವವಳು ನೀನು, ಸುಕ್ಕು ತೆಗೆಯುವವಳು ನಾನು ಎಂದು ಒಂದು ಕಾಲದಲ್ಲಿ ತಮಾಷೆ ಮಾಡುತ್ತಿದ್ದಳು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಸೂಜಿ ಎನ್ನುತ್ತಿದ್ದಳು. ಕೆಲಸ ನೋಡಿ ಇಟ್ಟ ಹೆಸರೋ ನಾಲಿಗೆ ನೋಡಿ ಇಟ್ಟ ಹೆಸರೋ, ಅವಳನ್ನೇ ಕೇಳಬೇಕು. ಕೇಳುವ ಹಾಗಿರಲಿಲ್ಲ, ನಾವು ಮಾತು ಬಿಟ್ಟು ಆರೇಳು ವರ್ಷಗಳಾಗಿದ್ದವು.

ಗೋಡೆ ತಟ್ಟುವ ಪದ್ಧತಿ ಶುರು ಮಾಡಿದವಳು ಅಮ್ಮ. ನಾನು ಮದುವೆಯಾಗಿ ಪಕ್ಕದ ಭಾಗಕ್ಕೆ ಬಂದಾಗ, ಅಕ್ಕನ ಜೊತೆ ಉಳಿದ ಅಮ್ಮನಿಗೆ ನಾಲ್ಕು ಹೆಜ್ಜೆಯ ದೂರವೂ ಪರದೇಶವಾಗಿತ್ತು. ಯಾರೇ ಹೊರಗೆ ಹೋಗಿ ಬಂದರೂ ಗೋಡೆಗೆ ಎರಡು ತಟ್ಟಬೇಕು: ಮನೆ ಸೇರಿದೆ ಎಂದರ್ಥ. ಆಚೆಯವರು ಒಂದು ತಟ್ಟಬೇಕು: ಕೇಳಿಸಿತು ಎಂದರ್ಥ. ಮೂರು ತಟ್ಟಿದರೆ ಮಾತ್ರ ಕೈಯಲ್ಲಿದ್ದದ್ದನ್ನು ಇದ್ದಲ್ಲೇ ಬಿಟ್ಟು ಓಡಿ ಬರಬೇಕು. ಅಕ್ಕ ಬೆರಳ ಗಿಣ್ಣಿನಿಂದ ತಟ್ಟುತ್ತಿದ್ದಳು. ಅಮ್ಮ ಮಾತ್ರ ನೀರು ಕುಡಿಯುವ ಲೋಟದ ತಳದಿಂದ. ಇಟ್ಟಿಗೆ ತೆಳು, ಒಳಗೆ ಟೊಳ್ಳು, ಅಮ್ಮ ಲೋಟದಿಂದ ಕುಟ್ಟಿದರೆ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದ ನನಗೂ ಕೇಳಿಸುತ್ತಿತ್ತು. ಅನ್ನ ಇಳಿಸಿದರೂ ಮೂರು, ಜಿರಳೆ ಕಂಡರೂ ಮೂರು. ಓಡಿ ಹೋಗಿ ಬೈದು ಬರುತ್ತಿದ್ದೆ. ಈಗ ಜಿರಳೆ ಕಂಡರೆ ಪೊರಕೆ ಎತ್ತುವ ಮೊದಲು ಗೋಡೆಯ ಕಡೆ ನೋಡುತ್ತೇನೆ.

ಅಮ್ಮ ಹಾಸಿಗೆ ಹಿಡಿಯುವ ಮುಂಚೆ ದಿನಾ ಬಂದು ನನ್ನ ಕೋಣೆಯಲ್ಲಿ ಕೂರುತ್ತಿದ್ದಳು. ಒಂದು ದಿನ ನಾನು ನಡುಗುವುದನ್ನು ನೋಡಿ, "ಉಣ್ಣೆ ಥಾನುಗಳನ್ನೆಲ್ಲ ಮೂಲೆಯಲ್ಲಿ ಬಿಸಾಕಿದೀಯಲ್ಲೇ. ನೆಲದಿಂದ ಮೇಲಿನ ತನಕ ಆ ಗೋಡೆಗೆ ಒಟ್ಟು. ಗಿರಾಕಿ ಬರೋ ತನಕ ಗೋಡೆ ತೊಟ್ಕೊಂಡಿರಲಿ," ಎಂದಳು. ಒಟ್ಟಿದೆ. ಉಣ್ಣೆ ಬಟ್ಟೆ ಸುತ್ತಿಟ್ಟ ದಪ್ಪ ದಪ್ಪ ಥಾನುಗಳು, ಒಂದರ ಮೇಲೊಂದು, ಸೂರಿನವರೆಗೆ. ಬೆನ್ನಿಗೆ ಎಷ್ಟೋ ಹಿತವಾಯಿತು. ಆ ತಿಂಗಳೇ ಅಮ್ಮ ಬಿದ್ದಳು. ಇಬ್ಬರು ಹೆಣ್ಣುಮಕ್ಕಳಿಗೂ ಹತ್ತಿರವಾಗಲಿ ಎಂದು ಅಕ್ಕ ಅವಳ ಮಂಚವನ್ನು ತಂದು ಆ ಕಡೆಯಿಂದ ಅದೇ ಗೋಡೆಗೆ ಒತ್ತಿ ಹಾಕಿದಳು. ಸಂಜೆ ಅಕ್ಕ ತಟ್ಟುವುದು ನಿಂತಿತು. ಅಮ್ಮನ ಆರೈಕೆಯ ಗಡಿಬಿಡಿ, ಮರೆತಿರಬೇಕು ಎಂದುಕೊಂಡೆ. ಹೇಗೂ ದಿನಕ್ಕೆರಡು ಸಲ ನಾನೇ ಹೋಗಿ ಬರುತ್ತಿದ್ದೆನಲ್ಲ.

ಅಮ್ಮ ಹೋದದ್ದು ಒಂದು ಸಂಜೆ. ಮಧ್ಯಾಹ್ನ ಗಂಜಿ ಕುಡಿಸಿ, ಬಾಯಿ ಒರೆಸಿ ಬಂದಿದ್ದೆ. ಅವಸರದ ಕೋಟೊಂದಿತ್ತು, ಕಾಲರ್ ಕೂರಿಸುತ್ತಿದ್ದೆ. ಬಾಗಿಲಲ್ಲಿ ಅಕ್ಕ ನಿಂತಿದ್ದಳು.

"ಅಮ್ಮ ಹೋದ್ಲು," ಎಂದಳು.

"ಕರೀಬಾರದಾಗಿತ್ತಾ?" ಎಂದೆ.

"ಕರೀಲಿಲ್ವಾ? ಮೂರು ಮೂರು ಸಲ ಗೋಡೆ ತಟ್ಟಿದ್ದು ಯಾರಿಗೆ?"

"ಯಾರೂ ತಟ್ಟಲಿಲ್ಲ. ನಾನು ಇಲ್ಲೇ ಕೂತಿದೀನಿ."

"ಅವಳ ತಲೆ ನನ್ನ ತೊಡೆ ಮೇಲಿತ್ತು. ಇಳಿಸಿ ಬಂದು ನಿನ್ನನ್ನ ಕೈ ಹಿಡಿದು ಕರ್ಕೊಂಡು ಹೋಗ್ಬೇಕಿತ್ತಾ?" ಎಂದವಳು ನನ್ನ ಕೈಯಲ್ಲಿದ್ದ ಕಾಲರ್ ನೋಡಿದಳು. ಆ ನೋಟ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಒಂದು ಕೋಟು ಹೊಲಿಯುವುದಕ್ಕಾಗಿ ಅಮ್ಮನನ್ನು ಬಿಟ್ಟಳು ಎಂದು ಅವಳು ನಂಬಿದಳು. ಅಮ್ಮನ ಕೊನೇ ಗಳಿಗೆಯನ್ನು ಇಡಿಯಾಗಿ ತನಗೇ ಇಟ್ಟುಕೊಂಡು ಈಗ ಸುಳ್ಳು ಹೇಳುತ್ತಿದ್ದಾಳೆ ಎಂದು ನಾನು ನಂಬಿದೆ. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಹಠದಲ್ಲಿ ಯಾರೂ ಯಾರಿಗೂ ಕಡಿಮೆಯಿಲ್ಲ. ಆಮೇಲೆ ಆಚೆಯಿಂದ ಸದ್ದೇ ಇಲ್ಲ. ಪಾತ್ರೆಯ ಸದ್ದಿಲ್ಲ, ಕೆಮ್ಮಿನ ಸದ್ದಿಲ್ಲ. ನನಗೆ ಕೇಳಿಸಬಾರದೆಂದು ತನ್ನ ಮನೆಯಲ್ಲೇ ತುದಿಗಾಲಲ್ಲಿ ಓಡಾಡುತ್ತಾಳೆ, ಎಂಥ ಕೊಬ್ಬು ಎಂದು ನಾನು ಕುದಿಯುತ್ತಿದ್ದೆ. ಕುದಿಯುತ್ತಲೇ ಕಾಯುತ್ತಿದ್ದೆ. ಮಿಷನ್ ತುಳಿಯುವುದನ್ನು ಸಂಜೆ ಹೊತ್ತು ಸುಮ್ಮನೆ ನಿಲ್ಲಿಸುತ್ತಿದ್ದೆ. ಎರಡು ತಟ್ಟಲಿ, ಬೇಡ, ತಪ್ಪಿ ಒಂದು ಪಾತ್ರೆಯನ್ನಾದರೂ ಬೀಳಿಸಲಿ ಎಂದು. ನನ್ನ ಬೆನ್ನಿಗಂಟಿಕೊಂಡೇ ಇರುವ ಮನೆಯಲ್ಲಿ ಇರುವವಳಿಗಾಗಿ ನಾನು ಊರು ಬಿಟ್ಟು ಹೋದವರಿಗೆ ಕಾಯುವಂತೆ ಕಾದೆ.

ಇರಲಿ. ಡಾಕ್ಟರ ಮಾತಿನ ಮೇಲೆ ಇವರು ಕರೆಸಿದ್ದ, ಚಳಿ ಬಾರದ ಹಾಗೆ ಗೋಡೆಯ ಟೊಳ್ಳು ತುಂಬಿಕೊಡುವವನು ಬಂದ. ಅವನಿಗೆ ಇವರು ಹತ್ತಿಯವನು ಎಂದು ಹೆಸರಿಟ್ಟರು, ತುಂಬುವುದು ಹತ್ತಿಯಲ್ಲದಿದ್ದರೂ. ಹಳೇ ಪೇಪರನ್ನು ಪುಡಿ ಮಾಡಿ, ಬೆಂಕಿ ಹತ್ತದ ಹಾಗೆ, ಹುಳ ಹಿಡಿಯದ ಹಾಗೆ ಮದ್ದು ಬೆರೆಸಿದ ಬೂದುಬಣ್ಣದ ಅರಳೆ. ಅವನು ಗೋಡೆಗೆ ಕೈಯಿಟ್ಟ, ಕಿವಿಯಿಟ್ಟ, ಮಾಳಿಗೆ ಹತ್ತಿ ಟೊಳ್ಳಿನೊಳಗೆ ಟಾರ್ಚು ಬಿಟ್ಟು ನೋಡಿದ. ಇಳಿದು ಬಂದು ಕೂದಲಿನ ಜೇಡರ ಬಲೆ ತೆಗೆಯುತ್ತ, "ಹೊರಗಿನ ಗೋಡೆಗಳು ಒಂದು ದಿನದ ಕೆಲಸ. ಆದರೆ ನಿಮ್ಮ ಕೋಣೆಗೆ ಚಳಿ ಬರ್ತಿರೋದು ಈ ನಡುಗೋಡೆಯಿಂದ. ಇದನ್ನ ತುಂಬದಿದ್ರೆ ಅಂಗಿ ಹಾಕ್ಕೊಂಡು ಗುಂಡಿ ಹಾಕದೆ ಬಿಟ್ಟ ಹಾಗೆ. ಇದು ಇಬ್ಬರ ಗೋಡೆ. ಆ ಕಡೆಯವರನ್ನ ಒಂದು ಮಾತು ಕೇಳಿಬಿಡಿ," ಎಂದ.

"ತುಂಬಿದ ಮೇಲೆ ಆ ಕಡೆ ಸದ್ದು ಈ ಕಡೆ ಬರುತ್ತಾ?" ಎಂದು ಕೇಳಿದೆ.

"ಪಟಾಕಿ ಹೊಡೆದ್ರೂ ಬರಲ್ಲ ಅಮ್ಮಾ. ಎಷ್ಟೋ ಜನ ಅದಕ್ಕೋಸ್ಕರಾನೇ ತುಂಬಿಸ್ತಾರೆ," ಎಂದ ಖುಷಿಯಾಗಿ.

ಕೇಳಲು ಇವರನ್ನೇ ಕಳಿಸಿದೆ. ಇವರಿಗೂ ಅಕ್ಕನಿಗೂ ಜಗಳವಿಲ್ಲ. ಹೋದವರು ಟೀ ಕುಡಿದು, ಬಿಸ್ಕೆಟ್ ತಿಂದು, ಸಾವಕಾಶವಾಗಿ ಬಂದರು. ನಾನು ಕೇಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡು ಕೂತಿದ್ದೆ. ಅವರೂ ಹೇಳಲಿಲ್ಲ. ಮೀಸೆಗೆ ಅಂಟಿದ್ದ ಬಿಸ್ಕೆಟ್ ಚೂರು ತೆಗೆಯುತ್ತ ಕೂತರು.

"ಏನಂದಳು?" ಎಂದೆ ಕೊನೆಗೆ.

"ತುಂಬಿಸ್ಕೊಳ್ಳಲಿ, ನನಗೇನು ಅಂದ್ರು. ಆ ಕಡೆಯಿಂದ ಹೇಗೂ ಸದ್ದೇ ಬರಲ್ಲ, ಗೋಡೆ ಖಾಲಿ ಇದ್ರೂ ಒಂದೇ ತುಂಬಿದ್ರೂ ಒಂದೇ ಅಂದ್ರು."

ಬೇಡ ಎನ್ನುತ್ತಾಳೆ ಎಂದು ನಾನು ಒಳಗೊಳಗೇ ಆಸೆ ಇಟ್ಟುಕೊಂಡಿದ್ದೆ ಎಂಬುದು ನನಗೆ ಗೊತ್ತಾದದ್ದೇ ಆಗ. ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳು ಬಾಗಿಲಿಗೆ ಬಂದು ನಾಲ್ಕು ಮಾತು ಬೈದಿದ್ದರೂ ಆಗುತ್ತಿತ್ತು, ಆ ದನಿಯನ್ನು ಇಟ್ಟುಕೊಂಡು ಒಂದು ಚಳಿಗಾಲ ಕಳೆಯುತ್ತಿದ್ದೆ. ನನಗೇನು ಅಂತೆ. ಸರಿ, ಅಷ್ಟೊಂದು ಮೌನ ಬೇಕಾದರೆ ಮೂಟೆಗಟ್ಟಲೆ ತಗೋ ಎಂದು ಹತ್ತಿಯವನಿಗೆ ಬರಹೇಳಿದೆ.

ಮೊದಲ ದಿನ ಹೊರಗೋಡೆಗಳ ಕೆಲಸ. ಬೀದಿಯಲ್ಲಿ ಅವನ ವ್ಯಾನು ನಿಂತಿತು, ವ್ಯಾನಿನೊಳಗೆ ಮಿಷನ್ನು, ಮಿಷನ್ನಿಂದ ಆನೆಯ ಸೊಂಡಿಲಿನ ದಪ್ಪದ ಪೈಪು. ಮಿಷನ್ ನೋಡಿಕೊಳ್ಳುವವಳು ಅವನ ಹೆಂಡತಿ. ಅವಳು ಮೂಟೆ ಬಿಚ್ಚಿ ಅರಳೆಯನ್ನು ಕೈಯಿಂದ ಸಡಿಲಿಸಿ ಸುರಿಯುತ್ತಿದ್ದಳು. ಅವನು ಇಟ್ಟಿಗೆಯ ಸಂದಿನಲ್ಲಿ ಎರಡೆರಡು ಮೊಳಕ್ಕೊಂದು ತೂತು ಕೊರೆದು, ಪೈಪಿನ ಮೂತಿ ತುರುಕಿ, ಗೋಡೆಗೆ ಅಂಗೈಯಿಟ್ಟುಕೊಂಡು ನಿಲ್ಲುತ್ತಿದ್ದ. ಒಳಗೆ ತುಂಬಿಕೊಳ್ಳುವುದು ಅಂಗೈಗೆ ಗೊತ್ತಾಗುತ್ತದಂತೆ. ಪೈಪು ಒಮ್ಮೆ ಬಿಕ್ಕಳಿಸಿದರೆ ಅಲ್ಲಿಗೆ ಹೊಟ್ಟೆ ತುಂಬಿತು ಎಂದು ಲೆಕ್ಕ. ತೂತಿಗೆ ಬಿರಡೆ ಜಡಿದು, ಗಾರೆ ಮೆತ್ತಿ, ಮುಂದಿನದಕ್ಕೆ ಹೋಗುತ್ತಿದ್ದ. ಇವರು ಅವನ ಹಿಂದೆಯೇ ಸುತ್ತುತ್ತ, "ಯಾವ ಊರಿನ ಪೇಪರಪ್ಪಾ ಇದು? ಓದಿರೋದಾ ಓದದೇ ಇರೋದಾ?" ಎಂದು ತಲೆ ತಿನ್ನುತ್ತಿದ್ದರು.

ಸಂಜೆ ಹೊತ್ತಿಗೆ ಮೂರು ಗೋಡೆ ಮುಗಿದವು. ನಿಜ ಹೇಳಬೇಕೆಂದರೆ ವ್ಯತ್ಯಾಸ ಆಗಲೇ ಗೊತ್ತಾಗುತ್ತಿತ್ತು. ಬೀದಿಯ ಗದ್ದಲ ಎಲ್ಲೋ ದೂರ ಹೋಗಿ ಕೂತಿತ್ತು. ನಡುಗೋಡೆ ನಾಳೆ, ಒಳಗಿನಿಂದಲೇ ಕೊರೆಯಬೇಕು, ಅಷ್ಟರೊಳಗೆ ಆ ಬಟ್ಟೆಯ ಗುಡ್ಡ ತೆಗೆದಿಡಿ ಎಂದು ಹೇಳಿ ಹತ್ತಿಯವನು ಹೋದ.

ಇವರೂ ನಾನೂ ಸೇರಿ ಥಾನುಗಳನ್ನು ಇಳಿಸಿದೆವು. ವರ್ಷಗಳಿಂದ ಮೇಲಿನವು ಮಾರಿಹೋಗಿ ಹೊಸವು ಬರುತ್ತಿದ್ದವೇ ಹೊರತು ಗೋಡೆ ಒಂದು ದಿನವೂ ಬರಿದಾಗಿರಲಿಲ್ಲ. ಅಡಿಯಲ್ಲಿದ್ದವಕ್ಕೆ ಬೂಸಲು ಹಿಡಿದು ಮುಗ್ಗಲು ನಾತ ಹೊಡೆಯುತ್ತಿತ್ತು. ಎಲ್ಲವನ್ನೂ ನಡುಮನೆಗೆ ಸಾಗಿಸುವ ಹೊತ್ತಿಗೆ ಇವರು ಸೊಂಟ ಹಿಡಿದುಕೊಂಡು, ಮುಲಾಮು ತರುತ್ತೇನೆ ಎಂದು ಅಂಗಡಿಗೆ ಹೋದರು. ಮುಲಾಮು ನೆಪ, ಅಂಗಡಿ ಕಟ್ಟೆಯ ಮೇಲೆ ಮಾತಿಗೆ ಜನ ಸಿಗುತ್ತಾರೆ. ನಾನು ಬರಿಗೋಡೆಗೆ ಬೆನ್ನು ಹಾಕಿ ಮಿಷನ್ನಿನ ಸ್ಟೂಲಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದೆ.

ಬೀಗ ತೆಗೆದ ಸದ್ದಾಯಿತು. ಇವರು ಇಷ್ಟು ಬೇಗ ಬಂದರೇ ಎಂದು ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಚಪ್ಪಲಿ ಕಳಚಿದ ಸದ್ದು. ಚೀಲ ಇಟ್ಟದ್ದು. ನಲ್ಲಿಯ ನೀರು ಪಾತ್ರೆಗೆ ಬಿದ್ದದ್ದು ಎಷ್ಟು ಹತ್ತಿರದಲ್ಲಿ ಎಂದರೆ, ನನ್ನ ಸೆರಗು ಒದ್ದೆಯಾಗುತ್ತದೆಯೇನೋ ಎಂದು ಸರಿದು ಕೂತೆ. ಆಮೇಲೆ ಒಂದು ಕೆಮ್ಮು, ಸ್ವಲ್ಪ ತಡೆದು ಇನ್ನೊಂದು. ಅಕ್ಕನ ಕೆಮ್ಮು. ಅವಳು ಚಿಕ್ಕಂದಿನಿಂದ ಹಾಗೇ, ಒಂದು ಕೆಮ್ಮಿ, ಇನ್ನೊಂದು ಬೇಕೋ ಬೇಡವೋ ಎಂದು ಯೋಚನೆ ಮಾಡಿ ಕೆಮ್ಮುವವಳು.

ನನಗೆ ಉಸಿರಾಡಲು ಭಯವಾಯಿತು. ತುದಿಗಾಲಲ್ಲೇನೂ ಓಡಾಡುತ್ತಿರಲಿಲ್ಲ ಅವಳು. ಧಪಧಪ ನಡೆಯುತ್ತಿದ್ದಳು, ಯಾವಾಗಲೂ ನಡೆಯುತ್ತಿದ್ದ ಹಾಗೆ. ಆ ಹೆಜ್ಜೆ ಗೋಡೆಯ ಹತ್ತಿರ ಬಂತು, ನಿಂತಿತು. ನನ್ನ ತಲೆಯ ಹಿಂದೆ, ಒಂದು ಮೊಳ ಮೇಲೆ, ಟಕ್ ಟಕ್ ಎಂದು ಎರಡು ಸಲ ತಟ್ಟಿತು.

ಮನೆ ಸೇರಿದೆ.

ಮೊಳೆ ಹೊಡೆಯುತ್ತಿದ್ದಾಳೋ ಎಂದುಕೊಂಡೆ ಮೊದಲು. ಮೊಳೆಯಾದರೆ ಮೂರನೆಯ ಏಟು ಬೀಳಬೇಕಿತ್ತು, ಬೀಳಲಿಲ್ಲ. ಹೆಜ್ಜೆ ಕದಲಲೂ ಇಲ್ಲ. ಗೋಡೆಯ ಆಚೆ ಅವಳು ನಿಂತೇ ಇದ್ದಳು, ಉತ್ತರಕ್ಕೆ ಎಷ್ಟು ಹೊತ್ತು ನಿಲ್ಲಬೇಕೋ ಅಷ್ಟು ಹೊತ್ತು. ಆಮೇಲೆ ಧಪಧಪ ಅಡಿಗೆಮನೆ ಕಡೆ ನಡೆದಳು. ಆ ನಡಿಗೆಯಲ್ಲಿ ಆಶ್ಚರ್ಯವಿರಲಿಲ್ಲ, ಬೇಸರವೂ ಇರಲಿಲ್ಲ. ದಿನಾ ಮಾಡಿ ಅಭ್ಯಾಸವಾದವರ ನಡಿಗೆ ಅದು.

ನಾನು ನಡುಮನೆಯಲ್ಲಿ ಬಿದ್ದಿದ್ದ ಥಾನುಗಳನ್ನು ನೋಡಿದೆ, ಬರಿಗೋಡೆಯನ್ನು ನೋಡಿದೆ. ತಲೆಗೆ ಹೋಗಲು ಹೊತ್ತಾಯಿತು. ಹೋದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಅವಳು ತಟ್ಟುವುದು ನಿಂತದ್ದು ಯಾವಾಗ? ಥಾನು ಒಟ್ಟಿದ ಮೇಲೆ. ಅವಳ ಪಾತ್ರೆ, ಅವಳ ಕೆಮ್ಮು, ಎಲ್ಲ ನಿಂತದ್ದು ಯಾವಾಗ? ಥಾನು ಒಟ್ಟಿದ ಮೇಲೆ. ನಾನು ಅವಳ ಹಠ ಎಂದುಕೊಂಡು ಬೈದದ್ದೆಲ್ಲ ಉಣ್ಣೆ ಬಟ್ಟೆಗೆ. ಹಾಗಾದರೆ ಆ ಸಂಜೆ ಮೂರು ತಟ್ಟಿದ್ದೂ ನಿಜ. ಅಯ್ಯೋ, ಅಕ್ಕ ಸುಳ್ಳು ಹೇಳಿರಲಿಲ್ಲ.

ಎದ್ದು ಗೋಡೆಯ ಹತ್ತಿರ ಹೋದೆ. ಮರಗಟ್ಟಿದ ಬೆರಳನ್ನು ಮಡಚಿ ಒಂದು ತಟ್ಟಿದೆ. ನನ್ನ ಗಿಣ್ಣಿಗೆ ಇಟ್ಟಿಗೆ ತಾಕಿದ್ದೂ ಸರಿಯಾಗಿ ಗೊತ್ತಾಗಲಿಲ್ಲ, ಸದ್ದು ಮಾತ್ರ ಕೇಳಿಸಿತು.

ಆಚೆ ಏನೋ ಕೆಳಗೆ ಬಿತ್ತು. ಆಮೇಲೆ ಏನೂ ಇಲ್ಲ. ನಲ್ಲಿಯ ನೀರೊಂದು ಸುರಿಯುತ್ತಲೇ ಇತ್ತು. ಯಾರಾದರೂ ನಿಲ್ಲಿಸಬಾರದೇ ಎಂದು ನನಗೆ ಸಿಟ್ಟು ಬಂತು. ಕೊನೆಗೆ ನೀರು ನಿಂತಿತು. ಲೋಟದ ಸದ್ದು, ನನಗೆ ಚೆನ್ನಾಗಿ ಗೊತ್ತಿರುವ ಲೋಟದ ಸದ್ದು, ಟಣ್ ಟಣ್ ಟಣ್ ಎಂದು ಮೂರು ಸಲ ಕೇಳಿಸಿತು.

ಹೇಗೆ ಹೋದೆನೋ ಗೊತ್ತಿಲ್ಲ. ಅಕ್ಕ ಬಾಗಿಲು ತೆಗೆದು ಲೋಟ ಹಿಡಿದುಕೊಂಡು ನಿಂತಿದ್ದಳು. ಕೂದಲು ಅರ್ಧಕ್ಕರ್ಧ ಬೆಳ್ಳಗಾಗಿತ್ತು. ಬೀದಿಯಲ್ಲಿ ನೋಡುತ್ತಲೇ ಇದ್ದೆ, ಆದರೆ ಓರೆಗಣ್ಣಿಗೆ ಕೂದಲ ಬಣ್ಣ ಅಷ್ಟಾಗಿ ಕಾಣುವುದಿಲ್ಲ.

"ಬರೋಕೆ ಇಷ್ಟು ಹೊತ್ತಾ?" ಎಂದಳು.

"ಚಪ್ಪಲಿ ಸಿಗಲಿಲ್ಲ," ಎಂದೆ. ಅವಳು ನನ್ನ ಬರಿಗಾಲು ನೋಡಿದಳು.

"ಇವತ್ತು ಹೇಗೆ ಕೇಳಿಸ್ತು? ಇಷ್ಟು ವರ್ಷ ಕೇಳಿಸದೇ ಇದ್ದಿದ್ದು?"

ಹೇಳಿದೆ. ಥಾನು, ಗೋಡೆ, ಬೆನ್ನಿನ ಚಳಿ, ಎಲ್ಲ ಒಂದರ ಮೇಲೊಂದು ಬಿದ್ದು ತಡವರಿಸಿ ಹೇಳಿದೆ. ಅವಳ ಮುಖ ಗಟ್ಟಿಯಾಗುತ್ತ ಹೋಯಿತು.

"ಇಟ್ಟಿಗೆ ದಾಟಿ ಬಂದ ಸದ್ದು ಬಟ್ಟೆ ದಾಟಲ್ವಾ? ನಾನೂ ದಿನಾ ಬಟ್ಟೆ ಮಧ್ಯೇನೇ ಇರೋಳು. ಯಾರ ಕಿವಿಗೆ ಹೂ ಇಡ್ತಿದೀಯ ಸೂಜಿ?"

"ಹಾಗಾದ್ರೆ ನೀನ್ಯಾಕೆ ದಿನಾ ತಟ್ತೀಯ?"

"ಕೈ ಕೇಳಲ್ಲ," ಎಂದಳು. "ಬೀಗ ತೆಗೆದ ತಕ್ಷಣ ಕೈ ತಾನಾಗಿ ಹೋಗುತ್ತೆ. ಬೇಡ ಅಂತ ಎಷ್ಟು ಸಲ ಅಂದ್ಕೊಂಡಿದೀನಿ." ಆಮೇಲೆ ಲೋಟವನ್ನು ತಿರುಗಿಸುತ್ತ, ನನ್ನನ್ನು ನೋಡದೆ ಹೇಳಿದಳು: "ಅವತ್ತು ತಟ್ಟಿದ್ದು ನಾನಲ್ಲ ಕಣೇ. ಅಮ್ಮ. ಇದೇ ಲೋಟದಲ್ಲಿ. ಕೈ ಎತ್ತೋಕೇ ಆಗ್ತಿರಲಿಲ್ಲ, ಆದರೂ ತಟ್ಟಿದಳು. ಮೂರು ತಟ್ಟಿ ಕಾದಳು, ಮತ್ತೆ ಮೂರು ತಟ್ಟಿದಳು. ನಾನು ಓಡಿ ಹೋಗಿ ಕರೀತೀನಿ ಅಂದ್ರೆ ನನ್ನ ಸೆರಗು ಬಿಡಲಿಲ್ಲ. ಅವಸರದ ಕೋಟು ಇರಬೇಕು, ಕೈಯಲ್ಲಿರೋದು ಮುಗಿಸಿ ಬರ್ತಾಳೆ ಬಿಡು ಅಂದಳು. ಮುಖ ಗೋಡೆ ಕಡೆಗೇ ಇತ್ತು."

ಹೊಸ್ತಿಲ ಮೇಲೆಯೇ ಕೂತೆ.

"ಥಾನು ಒಟ್ಟು ಅಂತ ಹೇಳಿದ್ದೂ ಅಮ್ಮಾನೇ ಅಕ್ಕಾ," ಎಂದೆ.

ನಂಬಬೇಕು ಎಂದು ಅವಳಿಗೆ ಎಷ್ಟು ಆಸೆಯಿತ್ತೋ ಅಷ್ಟೇ ಭಯವೂ ಇತ್ತು ಎಂಬುದು ಮುಖದಲ್ಲಿ ಕಾಣುತ್ತಿತ್ತು. ನನ್ನನ್ನು ನಂಬಿದರೆ ಇಷ್ಟು ವರ್ಷ ಪಟ್ಟ ಸಿಟ್ಟನ್ನೆಲ್ಲ ಎಲ್ಲಿ ಇಡುವುದು? ಕೊನೆಗೆ ಲೋಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಏಳು. ಮತ್ತೆ ಒಟ್ಟು. ನೋಡೇಬಿಡೋಣ," ಎಂದಳು.

ಇಬ್ಬರೂ ಸೇರಿ ಥಾನು ಹೊತ್ತೆವು. ಅವಳು ಒಂದು ತುದಿ, ನಾನು ಒಂದು ತುದಿ. ಅವಳಿಗೆ ಎಲ್ಲದಕ್ಕೂ ಒಂದು ಮಾತು ಬೇಕು. ಇದಕ್ಕೆ ಬೂಸಲು ಹಿಡಿದಿದೆ, ಇದನ್ನು ಯಾರು ತೊಡುತ್ತಾರೆ, ಈ ಬಣ್ಣಕ್ಕೆ ಕಣ್ಣು ಕಾಣದ ಗಿರಾಕಿ ಬೇಕು. ಎತ್ತುವಾಗ ಅವಳ ಕೈ ನನ್ನ ಕೈಗೆ ತಾಕಿತು. ಅವಳು ಥಾನನ್ನು ಅಲ್ಲೇ ಕೆಳಗಿಟ್ಟು ನನ್ನ ಬೆರಳುಗಳನ್ನು ಹಿಡಿದುಕೊಂಡಳು. ಇಸ್ತ್ರಿಯ ಕೈ, ಕಾದಂತೆ ಬೆಚ್ಚಗಿತ್ತು. ಆ ಬಿಸಿ ಬೆರಳಿಗೆ ಇಳಿಯುವಾಗ ನೋವಾಯಿತು, ಬಿಡಿಸಿಕೊಳ್ಳಲಿಲ್ಲ.

"ನಾಳೆ ಬರಬೇಡ ಅಂತ ಹತ್ತಿಯವನಿಗೆ ಹೇಳಿಬಿಡ್ತೀನಿ. ಈ ಗೋಡೆ ಹೀಗೇ ಇರಲಿ," ಎಂದೆ.

"ಈ ಬೆರಳು ಇಟ್ಕೊಂಡಾ? ಬಾಯಿ ಮುಚ್ಕೊಂಡು ತುಂಬಿಸು. ಬೆಳಿಗ್ಗೆ ಇವನ್ನೆಲ್ಲ ಇಳಿಸೋಕೆ ನಾನೂ ಬರ್ತೀನಿ," ಎಂದಳು. ಹಾಗೆ ಹೇಳಿದ್ದು ತನಗೇ ಕೇಳಿಸಿದವಳಂತೆ ಸಟಕ್ಕನೆ ನನ್ನ ಕೈ ಬಿಟ್ಟು ಥಾನಿನ ತುದಿ ಎತ್ತಿದಳು.

ಗೋಡೆ ಮುಚ್ಚಿತು, ಹಿಂದಿನ ಹಾಗೆಯೇ. ಅಕ್ಕ ನನ್ನ ಸ್ಟೂಲಿನ ಮೇಲೆ, ಮಿಷನ್ನಿನ ಎದುರು, ಅಮ್ಮ ಹೋದ ಸಂಜೆ ನಾನು ಕೂತಿದ್ದ ಹಾಗೆ ಕೂತಳು. ಲೋಟವನ್ನು ನನ್ನ ಕೈಗೆ ಕೊಟ್ಟಳು. "ಹೋಗು. ಅಮ್ಮನ ಮಂಚದಿಂದ ತಟ್ಟು. ಮೂರು."

ಅಕ್ಕನ ಮನೆಯೊಳಗೆ ಕಾಲಿಟ್ಟು ಅಷ್ಟು ವರ್ಷಗಳಾಗಿದ್ದವು. ಅಮ್ಮನ ಮಂಚ ಇದ್ದಲ್ಲೇ ಇತ್ತು, ಹಾಸಿಗೆಯ ಮೇಲೆ ಇಸ್ತ್ರಿ ಮಾಡಿದ ಹೊದಿಕೆ ಗೆರೆ ಮುರಿಯದೆ ಹಾಸಿತ್ತು. ನಿಂತವರ ಎದೆಯ ಎತ್ತರಕ್ಕೆ ಗೋಡೆಯ ಬಣ್ಣ ರೂಪಾಯಿಯಗಲ ಎದ್ದುಹೋಗಿ ಒಳಗಿನ ಗಾರೆ ನುಣುಪಾಗಿತ್ತು, ಅಕ್ಕನ ಬೆರಳಿನ ಜಾಗ ಅದು. ಅದರ ಕೆಳಗೆ, ಮಲಗಿದವರ ಕೈಗೆ ಸಿಗುವಷ್ಟು ತಗ್ಗಿನಲ್ಲಿ, ಲೋಟದ ಅಂಚು ಕಚ್ಚಿದ ಗುರುತುಗಳಿದ್ದವು. ಕೂತು ತಟ್ಟಿದರೆ ಕೈ ಅಲ್ಲಿಗೆ ಸರಿಯಾಗಿ ಬರಲಿಲ್ಲ. ಮಲಗಿದೆ. ಗೋಡೆಯ ಕಡೆ ಹೊರಳಿದೆ. ಹೊದಿಕೆಯಲ್ಲಿ ಸೋಪಿನ ವಾಸನೆ ಬಿಟ್ಟರೆ ಅಮ್ಮನ ವಾಸನೆಯೇನೂ ಉಳಿದಿರಲಿಲ್ಲ. ಹುಡುಕಿದೆ, ಇರಲಿಲ್ಲ.

ಮೂರು ತಟ್ಟಿದೆ. ಆ ಕೋಣೆಯೊಳಗೆ ಸದ್ದು ಎಷ್ಟು ಜೋರಾಗಿತ್ತೆಂದರೆ ನನ್ನ ಕಿವಿಯೇ ಗುಂಯ್‌ಗುಟ್ಟಿತು. ಇದು ಕೇಳಿಸದಿರಲು ಸಾಧ್ಯವೇ ಇಲ್ಲ, ಥಾನಿನ ಕಥೆಯೆಲ್ಲ ನನ್ನ ಭ್ರಮೆ, ಅಕ್ಕ ಈಗ ಬಂದು ನನ್ನ ಮುಖಕ್ಕೆ ಉಗಿಯುತ್ತಾಳೆ ಎಂದು ಕಾದೆ. ಬರಲಿಲ್ಲ. ಮತ್ತೆ ಮೂರು ತಟ್ಟಿದೆ, ಇನ್ನೂ ಜೋರಾಗಿ. ಬಾಗಿಲ ಕಡೆ ಹೆಜ್ಜೆ ಕೇಳಿಸುತ್ತದೆಯೇ ಎಂದು ಉಸಿರು ಹಿಡಿದೆ. ಈಗ ಏಳುತ್ತಾಳೆ, ಈಗ ಹೊಸ್ತಿಲು ದಾಟುತ್ತಾಳೆ, ಈಗ ಬಂದೇಬಿಟ್ಟಳು ಎಂದು ಮನಸ್ಸಿನಲ್ಲೇ ಹೆಜ್ಜೆ ಎಣಿಸಿದೆ. ನಾಲ್ಕು ಹೆಜ್ಜೆಯ ದೂರ. ಯಾರೂ ಬರಲಿಲ್ಲ. ಅಮ್ಮ ಎಣಿಸಿದ್ದೂ ನನ್ನ ಹೆಜ್ಜೆಗಳನ್ನೇ ಇರಬೇಕು. ಅಮ್ಮಾ, ನಾನು ಅಲ್ಲೇ ಇದ್ದೆ, ನಿನ್ನ ತಲೆಗೂ ನನ್ನ ಬೆನ್ನಿಗೂ ಮಧ್ಯೆ ನೀನೇ ಹೊದಿಸಿದ ಬಟ್ಟೆ ಇತ್ತು. ಬಿಕ್ಕುತ್ತ ಇನ್ನೂ ಒಂದು ಸಲ ತಟ್ಟಿದೆ. ತೋಳಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ತಟ್ಟಿದೆ. ಗೋಡೆಯಿಂದ ಚಕ್ಕೆ ಎದ್ದು ಹೊದಿಕೆಯ ಮೇಲೆ ಬಿತ್ತು.

ಕಣ್ಣೊರೆಸಿಕೊಂಡು ಎದ್ದು ನನ್ನ ಮನೆಗೆ ಬಂದೆ. ಕೋಣೆಯ ಬಾಗಿಲಲ್ಲಿ ನಿಂತೆ. ಅಕ್ಕ ಸ್ಟೂಲಿನ ಮೇಲೆ ಥಾನುಗಳ ಕಡೆ ತಿರುಗಿ ಕೂತಿದ್ದಳು. ಬೆನ್ನು ನೆಟ್ಟಗೆ, ಕೈ ಎರಡೂ ಮಡಿಲಲ್ಲಿ, ಕತ್ತು ಸ್ವಲ್ಪ ವಾಲಿಸಿ, ಒಂದು ಸೂಜಿ ಬಿದ್ದರೂ ಕೇಳಿಸಬೇಕು ಎಂಬ ಹಾಗೆ. ನನ್ನ ನೆರಳು ಬಿದ್ದಾಗ ತಿರುಗಿ ನೋಡಿ ಸಿಡುಕಿದಳು.

"ತಟ್ಟು ಅಂತ ಕಳಿಸಿದ್ರೆ ಸುಮ್ನೆ ವಾಪಸ್ ಬರ್ತೀಯಲ್ಲೇ. ಎಷ್ಟು ಹೊತ್ತಿಂದ ಕಾಯ್ತಾ ಕೂತಿದೀನಿ."

ನಾನು ಹತ್ತಿರ ಹೋಗಿ ಲೋಟವನ್ನು ಅವಳ ಮಡಿಲಲ್ಲಿಟ್ಟೆ. ಅದರ ತಳ ಪೂರ್ತಿ ನೆಗ್ಗಿತ್ತು, ಅಂಚಿಗೆ ಗೋಡೆಯ ಸುಣ್ಣ ಅಂಟಿತ್ತು. ಅಕ್ಕ ಅದನ್ನು ಎತ್ತಿ ದೀಪಕ್ಕೆ ಹಿಡಿದು ನೋಡಿದಳು.